ಅಣ್ಣ ಹಿಡಿದ ಸ್ಟೇರಿಂಗ್

ಸೆಪ್ಟೆಂಬರ್ 23

ಪುನಃ ಅದೇ ಕನಸು. ಅಣ್ಣನ ಬೆರಳುಗಳನ್ನು ಸ್ಟೇರಿಂಗಿನಿಂದ ಬಿಡಿಸ್ತಾ ಇದ್ದೇನೆ. ಒಂದು ಬಿಡಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲಿನದ್ದು ಮಡಚಿ ಆಗಿರ್ತದೆ. ಅಣ್ಣ ಮುಖ ಎತ್ತುವುದಿಲ್ಲ. ಹಿಂದೆ ಮದುವೆಯವರು ಯಾರೋ, ಕುರ್ಚಿ ಎಲ್ಲಿ, ಕುರ್ಚಿ ಎಲ್ಲಿ ಅಂತ ಕೇಳ್ತಾ ಇದ್ದಾರೆ. ಬೆರಳು ಬೆಚ್ಚಗೆ ಉಂಟು. ಮೇ ತಿಂಗಳಲ್ಲಿ ಅಣ್ಣ ಟ್ರ್ಯಾಕ್ಟರಿನ ಸೀಟಿನಲ್ಲೇ ಹೋದ ದಿನ ನಿಜವಾಗಿ ಬಿಡಿಸಿದಾಗಲೂ ಬೆಚ್ಚಗೇ ಇತ್ತು. ಎಚ್ಚರ ಆದ ಮೇಲೆ ಬಾವಿಕಟ್ಟೆಗೆ ಹೋಗಿ ಕೈ ತೊಳೆದು ಬಂದೆ.

ಈ ಡೈರಿ ಹರ್ಷಿತಾ ಕೊಟ್ಟದ್ದು, ಅಣ್ಣನ ಮಗಳು. ಮಂಗಳೂರು ಫಳ್ನೀರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದ್ದು. ಲ್ಯಾಬಿನಲ್ಲಿ ಮಿಕ್ಕಿದ ಡೈರಿ ತಂದು, ಚಿಕ್ಕಪ್ಪ, ತಲೆಯಲ್ಲಿ ಕಟ್ಟಿಕೊಂಡು ತಿರುಗಬೇಡಿ, ಇದರಲ್ಲಿ ಬರೆದು ಮುಚ್ಚಿಡಿ ಅಂದಳು. ನಾನು ಏಳನೇ ಕ್ಲಾಸಿನ ಅರ್ಧಕ್ಕೆ ಬಿಟ್ಟವ. ಮಾತು ತುಳು, ಬರೆಯಲಿಕ್ಕೆ ಬರುವುದು ಕನ್ನಡ. ಒತ್ತಕ್ಷರ ತಪ್ಪಿದರೆ ಬೆತ್ತ ಹಿಡಿದು ಯಾರೂ ಬರ್ಲಿಕ್ಕಿಲ್ಲ ಅಂತ ಧೈರ್ಯ ಮಾಡಿದ್ದೇನೆ.

ಮಳೆ ಕಡಿಮೆ ಆಯಿತು. ನಾಳೆಯಿಂದ ಟ್ರ್ಯಾಕ್ಟರ್ ತೆಗೀಬೇಕು ಅಂತ ರಾಯ್‌ಸ್ಟನ್ ಸರ್ ಬೀಗದ ಕೈ ಕೊಟ್ಟಿದ್ದಾರೆ. ಸುರತ್ಕಲ್ ಕಡಲಿನ ಬದಿಯ ಈ ಮದುವೆ ಲಾನಿಗೆ ಅವರು ಮೆನೇಜರ್. ಬೀಗದ ಕೈಯಲ್ಲಿ ಅಣ್ಣ ಕಟ್ಟಿದ ನೈಲಾನ್ ಹಗ್ಗದ ಗಂಟು ಹಾಗೇ ಉಂಟು. ಅದನ್ನು ಕಿಸೆಯಲ್ಲಿ ಇಡಲಿಕ್ಕೆ ಆಗ್ಲಿಲ್ಲ, ಗೋಡೆಯ ಮೊಳೆಗೆ ಹಾಕಿದ್ದೇನೆ.

ಸೆಪ್ಟೆಂಬರ್ 24

ತಿರುಗುವುದಿಲ್ಲ.

ಇದು ಹೊಲದ ದೊಡ್ಡ ಟ್ರ್ಯಾಕ್ಟರ್ ಅಲ್ಲ, ತೋಟದ ಸಣ್ಣದು, ಹಳೇ ಜಪಾನಿದು. ಹೊಟ್ಟೆಯ ಅಡಿಯಲ್ಲಿ ಹುಲ್ಲು ಕೊಯ್ಯುವ ಬ್ಲೇಡು, ಹಿಂದೆ ಕುರ್ಚಿ ಸಾಗಿಸುವ ಟ್ರಾಲಿ. ಅಣ್ಣ ಬೋಟಿನ ಕೆಲಸ ಬಿಟ್ಟು ಬಂದಾಗಿನಿಂದ ಅವನೇ ಓಡಿಸಿದ್ದು. ನಾನು ಟ್ರಾಲಿ ತುಂಬಿಸುವವ, ಗುಡಿಸುವವ. ಸೀಟಿನಲ್ಲಿ ಒಂದು ದಿನ ಕೂತವನಲ್ಲ. ಕೇಳಿದರೆ ಅಣ್ಣ, ನಿನ್ನಂಥ ಹೆದರಿಕೆಯವನ ಕೈಗೆ ಬ್ರೇಕ್ ಮಾತ್ರ ಕೊಡಬೇಕು ಅಂತ ನಗಾಡ್ತಿದ್ದ.

ಇವತ್ತು ಕೂತೆ. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೇರ ಹೋಗ್ತದೆ. ಲಾನಿನಿಂದ ಊಟದ ಹಾಲಿಗೆ ಇಳಿಯುವ ತಿರುವಿನಲ್ಲಿ ಎಡಕ್ಕೆ ಎಳೆದರೆ ಸ್ಟೇರಿಂಗ್ ಬರುವುದಿಲ್ಲ. ಒಳಗಿನಿಂದ ಯಾರೋ ಹಿಡಿದ ಹಾಗೆ. ಎರಡೂ ಕೈ ಹಾಕಿ, ಕಾಲು ಊರಿ ಎಳೆದಾಗ ಕರಕರ ಅಂತ ಸ್ವಲ್ಪ ಬಂತು. ಅದೇ ತಿರುವು. ಅಣ್ಣ ತಲೆ ಕೆಳಗೆ ಹಾಕಿದ್ದು ಅಲ್ಲೇ, ಟ್ರಾಲಿಯಲ್ಲಿ ಕುರ್ಚಿ ಇತ್ತು, ಟ್ರ್ಯಾಕ್ಟರ್ ದಾಸವಾಳದ ಬೇಲಿಗೆ ಹೋಗಿ ನಿಂತಿತ್ತು.

ನಾನು ಇಂಜಿನ್ ಬಂದ್ ಮಾಡಿ ಇಳಿದುಬಿಟ್ಟೆ. ಮಧ್ಯಾಹ್ನದವರೆಗೆ ಕೈಯಲ್ಲೇ ಹುಲ್ಲು ಕಿತ್ತೆ.

ಸೆಪ್ಟೆಂಬರ್ 26

ರಾಯ್‌ಸ್ಟನ್ ಸರ್‌ಗೆ ಹೇಳಿದೆ. ಟೈರಿಗೆ ಗಾಳಿ ಇರ್ಲಿಕ್ಕಿಲ್ಲ, ಹಾಕಿಸು ಅಂದರು. ಹಾಕಿಸಿದೆ. ಹಾಗೇ ಉಂಟು. ಆಮೇಲೆ ಅವರೇ ಕೂತು ನೋಡಿ, ಬೆವರು ಒರೆಸಿಕೊಂಡು, ನಿನ್ನ ಅಣ್ಣ ಇದನ್ನು ಒಂದು ಕೈಯಲ್ಲಿ ತಿರುಗಿಸ್ತಿದ್ದ ಮಾರಾಯ ಅಂದರು. ಅದು ಹೌದು. ಇಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುವುದು. ಬಲಗೈ ಸ್ಟೇರಿಂಗಿನ ಮೇಲೆ, ಎಡಗೈ ತೊಡೆಯ ಮೇಲೆ, ಬಾಯಲ್ಲಿ ಬೀಡಿ. ರಾಜನ ಹಾಗೆ ಬರ್ತಿದ್ದ.

ಅಂದರೆ ಅಣ್ಣನ ಕಾಲದಲ್ಲಿ ಹಗುರ ಇತ್ತು. ಈಗ ಗಟ್ಟಿ ಆಗಿದೆ. ಮಧ್ಯದಲ್ಲಿ ಆದದ್ದು ಒಂದೇ ಸಂಗತಿ.

ಅತ್ತಿಗೆಗೆ ಇದನ್ನು ಹೇಳುವುದಾ ಬೇಡವಾ ಗೊತ್ತಾಗುವುದಿಲ್ಲ. ಬೊಜ್ಜ, ಹೋದವರ ಉತ್ತರಕ್ರಿಯೆ, ಎಲ್ಲ ಕ್ರಮದಲ್ಲೇ ಮಾಡಿದ್ದೇವೆ. ಆದರೂ ಹೋದವರಿಗೆ ಕೈ ಬಿಡ್ಲಿಕ್ಕೆ ಮನಸ್ಸು ಬಾರದಿದ್ದರೆ? ಕುಲೆ, ಅಂದರೆ ಪ್ರೇತ, ಅಂತ ಒಮ್ಮೆ ಬರೆದು ಗೀಟು ಹಾಕಿದೆ. ಸತ್ತವರ ಹೆಸರು ಹಾಗೆ ಬರೆದರೆ ಕರೆದ ಹಾಗೆ ಆಗ್ತದಾ ಅಂತ.

ಮನೆಗೆ ಹೊರಡುವ ಮೊದಲು ಬೊನೆಟಿನ ಮೇಲೆ ಒಂದು ಬೀಡಿ, ಬೆಂಕಿಪೆಟ್ಟಿಗೆ ಇಟ್ಟು ಬಂದೆ. ಅವನದ್ದೇ ಬ್ರಾಂಡು.

ಸೆಪ್ಟೆಂಬರ್ 27

ಬೀಡಿ ಇಲ್ಲ. ಕಡ್ಡಿ ಒಂದು ಕೆಳಗೆ ಬಿದ್ದಿತ್ತು.

ಹೆದರಿಕೆಯೂ ಆಯಿತು, ಒಂಥರಾ ಖುಷಿಯೂ ಆಯಿತು. ಗೇಟಿನಲ್ಲಿ ವಾಚ್‌ಮ್ಯಾನ್ ಬೀಡಿ ಎಳೀತಾ ಕೂತಿದ್ದ. ಯಾವ ಬ್ರಾಂಡು ಅಂತ ನಾನು ಕೇಳ್ಲಿಲ್ಲ. ಕೇಳಿ ಎಂತ ಆಗ್ಬೇಕು.

ಅಕ್ಟೋಬರ್ 3

ಇವತ್ತು ಒಂದು ನಿಶ್ಚಿತಾರ್ಥ ಇತ್ತು. ಸಣ್ಣದು. ಕುರ್ಚಿ ಇಳಿಸಲೇಬೇಕು ಅಂತ ಆಯಿತು.

ತಿರುವಿನ ಕೆಳಗೆ ಎಡಬದಿಯಲ್ಲಿ ಕೇಟರಿಂಗಿನ ಹೆಂಗಸರು ಚಾಪೆ ಹಾಕಿ ನೀರುಳ್ಳಿ ಕೊಯ್ತಾ ಇದ್ದರು. ನಾನು ಮೇಲಿನಿಂದಲೇ, ಏಳಿ, ಏಳಿ, ಅಲ್ಲಿ ಕೂರಬೇಡಿ ಅಂತ ಕೈ ಬೀಸಿದೆ. ಅವರ ಮೇಸ್ತ್ರಿ ಹೆಲನ್ ಬಾಯಿಗೆ ಸಿಟ್ಟು ಬಂತು. ನಿನ್ನ ಅಣ್ಣ ಇರುವಾಗ ನಾವು ಇಲ್ಲೇ ಕೂತದ್ದು, ನಿನಗೆಂತ ವಿಮಾನ ಇಳಿಸಲಿಕ್ಕೆ ಉಂಟಾ ಅಂತ ಕೇಳಿದರು. ಎಲ್ಲರೂ ನಗಾಡಿದರು. ಎದ್ದೂ ಎದ್ದರು, ಅದು ದೊಡ್ಡದು. ನಾನು ಎಡಕ್ಕೆ ಎಳೆದೆ, ಬರ್ಲಿಲ್ಲ, ಎದೆಯನ್ನೇ ಸ್ಟೇರಿಂಗಿಗೆ ಕೊಟ್ಟು ದೂಡಿದೆ. ಚಾಪೆಯ ತುದಿಯ ಮೇಲೆ ಮುಂದಿನ ಚಕ್ರ ಹತ್ತಿ ನಿಂತಿತು. ನೀರುಳ್ಳಿ ಒಂದಷ್ಟು ಉರುಳಿ ಹೋಯಿತು.

ಹೆಲನ್ ಬಾಯಿ ಒಂದು ಗ್ಲಾಸ್ ನೀರು ಕೊಟ್ಟರು. ಕುಡಿದು, ಉರುಳಿದ ನೀರುಳ್ಳಿ ಹೆಕ್ಕಿ ಕೊಟ್ಟೆ.

ವಾಪಸ್ ಶೆಡ್ಡಿಗೆ ತರುವಾಗ ನಾನು ಅಣ್ಣನ ಹತ್ತಿರ ಮಾತಾಡಿದೆ. ಅಣ್ಣ, ಯಾರಾದರೂ ಸಾಯ್ತಾರೆ, ಬಿಡು ಅಂದೆ. ಇಂಜಿನಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಅಲ್ವಾ. ಶೆಡ್ಡಿನ ಹತ್ತಿರ ಸ್ವಲ್ಪ ಹಗುರ ಆದ ಹಾಗೆ ಕಂಡಿತು. ನನಗೆ ಕಂಡದ್ದೋ ನಿಜವೋ.

ಅಕ್ಟೋಬರ್ 5

ದಿನಾ ಮಾತಾಡ್ತೇನೆ ಈಗ. ಬೂತಾಯಿ ಮೀನಿನ ರೇಟು ಹೆಚ್ಚಾದದ್ದು, ಹರ್ಷಿತಾ ಬಸ್ಸಿನಲ್ಲಿ ಚಪ್ಪಲಿ ಕಳ್ಕೊಂಡು ಬಂದದ್ದು. ಸೀಟಿನಲ್ಲೇ ಕೂತು ಬುತ್ತಿ ಉಣ್ಣುವುದು. ಮೊದಲು ಆ ಸೀಟಿಗೆ ಬೆನ್ನು ಹಾಕಿ ಕೂತು ಉಣ್ತಿದ್ದೆ.

ಅಕ್ಟೋಬರ್ 8

ಚಾಪೆಯ ಸುದ್ದಿ ರಾಯ್‌ಸ್ಟನ್ ಸರ್ ಕಿವಿಗೆ ಹೋಗಿದೆ. ನಂತೂರಿನ ಇರ್ವಿನ್‌ಗೆ ಫೋನ್ ಮಾಡಿದ್ದಾರೆ, ಇಂಥ ಸಣ್ಣ ಗಾಡಿಗಳ ಕೆಲಸ ಮಾಡುವವ. ರಿಪೇರಿ ಆಗದಿದ್ದರೆ ಗುಜರಿಗೆ ಹಾಕುವ ಅಂದರು.

ಇರ್ವಿನ್ ಬಂದು ನೋಡಿ ಎಂತ ಇಲ್ಲ, ಎಲ್ಲ ಸರಿ ಉಂಟು ಅಂದರೆ? ಆಗ ಹಿಡಿದದ್ದು ಯಾರು ಅಂತ ಗ್ಯಾರಂಟಿ ಆಗ್ತದೆ. ಇಲ್ಲ, ಇಂಥದ್ದು ಹಾಳಾಗಿದೆ ಅಂದರೆ? ಆಗ ನಾನು ಇಷ್ಟು ದಿನ ಮಾತಾಡಿದ್ದು ಯಾರ ಹತ್ತಿರ?

ರಾತ್ರಿ ಗಂಜಿ ಮಾತ್ರ ಉಂಡೆ.

ಅಕ್ಟೋಬರ್ 9

ಇರ್ವಿನ್ ಬಂದ. ನಂತೂರಿನಲ್ಲಿ ಲಾರಿ ಅಡ್ಡ ನಿಂತು ಲೇಟು ಅಂತ ಬೈಕ್ಕೊಂಡೇ ಇಳಿದ. ನನ್ನದೇ ಪ್ರಾಯದವ. ಮೊದಲು ಸೀಟಿನಲ್ಲಿ ಕೂತು ಎರಡು ಸಲ ಅಲ್ಲಾಡಿಸಿ, ಇದು ಸ್ಟೇರಿಂಗಾ, ಬಾವಿಯ ರಾಟೆಯಾ ಅಂತ ಕೇಳಿದ. ಮುಂದಿನ ಆಕ್ಸಲಿಗೆ ಜಾಕ್ ಕೊಟ್ಟು ಎರಡೂ ಚಕ್ರ ನೆಲದಿಂದ ಎತ್ತಿದ. ಎತ್ತಿದ ಮೇಲೆಯೂ ಗಟ್ಟಿಯೇ. ಹಾಗಾದರೆ ಟೈರಿನ ಗಾಳಿದು ಅಲ್ಲ ಅಂದ. ಎರಡು ಚಕ್ರವನ್ನು ಜೋಡಿಸುವ ಟೈ ರಾಡ್ ಕಳಚಿ, ಒಂದೊಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದ. ಬಲದ್ದು ಕಷ್ಟದಲ್ಲಿ ತಿರುಗಿತು. ಎಡದ್ದು ಅಲ್ಲಾಡ್ಲೇ ಇಲ್ಲ. ಸ್ಟೇರಿಂಗ್ ಮಾತ್ರ ಈಗ ಬೆರಳಲ್ಲಿ ತಿರುಗ್ತಿತ್ತು, ಯಾರೂ ಹಿಡಿಯದ ಹಾಗೆ.

ಚಕ್ರ ತಿರುಗುವುದು ಒಂದು ನಿಂತ ಗೂಟದ ಮೇಲೆ. ಕಿಂಗ್ ಪಿನ್ ಅಂತಾರೆ. ಅದಕ್ಕೆ ಗ್ರೀಸ್ ಹೋಗಲಿಕ್ಕೆ ನಿಪ್ಪಲ್ ಅಂತ ಒಂದು ಸಣ್ಣ ಬಾಯಿ ಇರ್ತದೆ. ಇರ್ವಿನ್ ಗ್ರೀಸ್ ಗನ್ ಹಿಡಿದುಕೊಂಡು ಆ ಬಾಯಿಯನ್ನು ಹುಡುಕಿದ. ಸಿಗ್ಲಿಲ್ಲ. ಬಲಬದಿಯಲ್ಲಿ ಸ್ಕ್ರೂಡ್ರೈವರಿನಿಂದ ಕೆರೆದ. ಪೈಂಟ್ ಎದ್ದು ಬಂತು, ದಪ್ಪಕ್ಕೆ, ಒಣಗಿದ ಹಪ್ಪಳದ ಹಾಗೆ. ಮೇಲೆ ಕೆಂಪು, ಅದರ ಕೆಳಗೆ ಹಸಿರು, ಅದರ ಕೆಳಗೆ ನೀಲಿ. ಎಲ್ಲದರ ಅಡಿಯಲ್ಲಿ ಮಚ್ಚೆಯಷ್ಟು ಸಣ್ಣ ನಿಪ್ಪಲ್.

ಇರ್ವಿನ್ ಜೋರು ನಗಾಡಿದ.

"ಇದೆಂತ ಮಾರಾಯ, ಟ್ರ್ಯಾಕ್ಟರಾ, ಬೋಟಾ? ಮೇಲೆ ಒಂದು ಬಾವುಟ ಕಟ್ಟು, ನಾಳೆ ಮೀನಿಗೆ ಹೋಗುವ."

ಬೋಟಿನದ್ದೇ ಕ್ರಮ ಅದು. ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಇರುವಾಗ ಬೋಟು ಮೇಲೆ ಎಳೆದು, ಕೆರೆದು, ಪೈಂಟ್ ಹೊಡೆಯುವುದು. ಅಣ್ಣ ಅದನ್ನು ಟ್ರ್ಯಾಕ್ಟರಿಗೂ ತಂದ. ಪ್ರತಿ ಮಳೆಗಾಲ ಶೆಡ್ಡಿನೊಳಗೆ ಹೊಸ ಬಣ್ಣ. ಒಂದು ಕಡೆಯೂ ಕಬ್ಬಿಣ ಕಾಣಬಾರದು, ಕಡಲ ಗಾಳಿ ಕಬ್ಬಿಣ ತಿನ್ನುತ್ತದೆ ಅಂತ ಸಂದಿಸಂದಿಗೆ ಬ್ರಷ್ ಹಾಕ್ತಿದ್ದ. ಈ ಸಲ ಅಣ್ಣ ಇರ್ಲಿಲ್ಲ. ಬಿಡಬಾರದು ಅಂತ ನಾನು ಹೊಡೆದೆ. ಮೇಲಿನ ಕೆಂಪು ನನ್ನದು, ಕೆಳಗಿನ ಹಸಿರು, ನೀಲಿ ಅಣ್ಣನದ್ದು. ಅವನ ಹಾಗೆಯೇ ಸಂದಿಸಂದಿಗೆ ಹಾಕಿದ್ದೇನೆ.

ಇದನ್ನೆಲ್ಲ ಹೇಳ್ಬೇಕು ಅಂತ ಇದ್ದೆ. ಅಷ್ಟರಲ್ಲಿ ಇರ್ವಿನ್ ಎಡಬದಿಗೆ ಹೋಗಿ ಗ್ಯಾಸ್ ಬೆಂಕಿ ಹಿಡಿದಾಗಿತ್ತು. ಅಲ್ಲಿಯ ಪೈಂಟ್ ಎಲ್ಲ ಗುಳ್ಳೆ ಎದ್ದು ಕರ್ರಗೆ ಆಯಿತು. ಸುತ್ತಿಗೆಯಲ್ಲಿ ಹೊಡೆದ, ಆಯಿಲ್ ಬಿಟ್ಟ, ಪುನಃ ಕಾಯಿಸಿದ. ಸಂಜೆ ಹೊತ್ತಿಗೆ ಪಿನ್ ಹೊರಗೆ ಬಂತು. ಪೂರ್ತಿ ತುಕ್ಕು, ಇದು ಒಂದು ವರ್ಷದ್ದಲ್ಲ ಅಂದ. ತಿಂದು ತಿಂದು ನಡು ಸಪೂರ ಆಗಿತ್ತು. ಅವ ಅದನ್ನು ಕೈಯಲ್ಲಿ ತಿರುಗಿಸಿ ನೋಡ್ತಾ ಕೇಳಿದ.

"ಮೊದಲು ಯಾರು ಓಡಿಸ್ತಿದ್ದದ್ದು?"

ನನ್ನ ಅಣ್ಣ, ಪ್ರೇಮನಾಥ ಅಂತ ಅಂದೆ.

"ಅವರು ಕಂಪ್ಲೇಂಟ್ ಮಾಡ್ಲಿಲ್ವಾ? ಇದನ್ನು ತಿರುಗಿಸಬೇಕಾದರೆ ಜೀವ ಹೋಗ್ತದೆ ಮಾರಾಯ."

ನಾನು ಸೀಟು ತೋರಿಸಿದೆ. ಇಲ್ಲೇ ಹೋದದ್ದು ಅಂದೆ. ಇರ್ವಿನ್‌ನ ಮುಖ ಒಂಥರಾ ಆಯಿತು. ಪಿನ್ನನ್ನು ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಗೆ ಹಾಕಿದ, ಎಡದ ನಿಪ್ಪಲನ್ನೂ. ಹೊಸತು ಮಾಡಿಸಲಿಕ್ಕೆ ಅಳತೆ ಬೇಕು ಅಂದ. ಮತ್ತೆ ಒಂದು ತಮಾಷೆ ಮಾಡ್ಲಿಲ್ಲ.

ಅಕ್ಟೋಬರ್ 10

ಜೀವ ಹೋಗ್ತದೆ ಅಂತ ಮಾತಿಗೆ ಹೇಳಿದ್ದು ಅವ. ಎಲ್ಲರೂ ಹೇಳ್ತಾರೆ. ಬಸ್ಸಿನಲ್ಲಿ ನಿಂತರೂ ಜೀವ ಹೋಯಿತು ಅಂತಾರೆ.

ಅಕ್ಟೋಬರ್ 16

ಬರೆಯಲಿಕ್ಕೆ ಎಂತ ಇಲ್ಲ. ಟ್ರ್ಯಾಕ್ಟರ್ ಜಾಕಿನ ಮೇಲೆ ಉಂಟು, ಎಡದ ಚಕ್ರ ಇಲ್ಲದೆ. ಹೊಸ ಪಿನ್ ಆಗ್ಲಿಲ್ಲವಂತೆ.

ಕಡಲಿನ ಬದಿಯಲ್ಲಿ ಒಂದು ಮಳೆಗಾಲ ಸಾಕು ಕಬ್ಬಿಣಕ್ಕೆ ತುಕ್ಕು ಹಿಡಿಯಲಿಕ್ಕೆ. ನಮ್ಮ ಗೇಟಿನ ಚಿಲಕ ಹೊಸತು ಹಾಕಿದ ವರ್ಷವೇ ಹೋಗಿದೆ. ಇರ್ವಿನ್ ನಂತೂರಿನವ, ಅವನಿಗೆ ಕಡಲ ಗಾಳಿ ಗೊತ್ತುಂಟಾ?

ಅಕ್ಟೋಬರ್ 24

ಹೊಸ ಪಿನ್, ಹೊಸ ಬುಷ್, ಹೊಸ ನಿಪ್ಪಲ್. ಇರ್ವಿನ್ ಗ್ರೀಸ್ ಗನ್ ಒತ್ತಿದ ಹಾಗೆ ಬದಿಯಿಂದ ಗ್ರೀಸ್ ಹೂವಿನ ಹಾಗೆ ಹೊರಗೆ ಬಂತು. ಇನ್ನು ತಿಂಗಳಿಗೊಮ್ಮೆ ಹಾಕು, ಇದಕ್ಕೆ ಮಾತ್ರ ಪೈಂಟ್ ಹೊಡೀಬೇಡ ಅಂದ.

ಓಡಿಸಿದೆ. ತಿರುವಿನಲ್ಲಿ ಸ್ಟೇರಿಂಗ್ ಮುಟ್ಟಿದರೆ ಸಾಕು, ತಿರುಗ್ತದೆ. ರಾಯ್‌ಸ್ಟನ್ ಸರ್ ಮೇಲಿನಿಂದ ಚಪ್ಪಾಳೆ ತಟ್ಟಿ, ನೋಡು, ಈಗ ನೀನೂ ಅಣ್ಣನ ಹಾಗೆ ಅಂದರು.

ನಾನು ಅಣ್ಣ ಅಂತ ಕರೆದೆ. ಸಣ್ಣಕ್ಕೆ. ಸ್ಟೇರಿಂಗ್ ಹಗುರಕ್ಕೆ ಆಚೆ ಈಚೆ ಹೋಯಿತು. ಯಾರೂ ಇಲ್ಲ.

ಮಧ್ಯಾಹ್ನ ಬುತ್ತಿ ಮರದ ಅಡಿಯಲ್ಲಿ ಉಂಡೆ.

ಅಕ್ಟೋಬರ್ 31

ಪರ್ಬ. ದೀಪಾವಳಿಗೆ ನಮ್ಮಲ್ಲಿ ಹೋದವರಿಗೂ ಎಲೆ ಹಾಕ್ತೇವೆ. ಅಣ್ಣನಿಗೆ ಇದು ಮೊದಲ ಎಲೆ. ಅತ್ತಿಗೆ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ, ತಲೆಯ ತುಂಡೇ ಬಡಿಸಿದರು. ಅವನಿಗೆ ತಲೆಯೇ ಆಗ್ಬೇಕು. ಬಾಗಿಲು ಮುಂದೆ ಹಾಕಿ ನಾವು ಮೂವರೂ ಹೊರಗೆ ಜಗಲಿಯಲ್ಲಿ ಕೂತೆವು, ಹೋದವರು ಉಣ್ಣುವಾಗ ನೋಡಬಾರದು.

ಸುಮ್ಮನೆ ಕೂತಿರ್ಲಿಕ್ಕೆ ಆಗದೆ ಅತ್ತಿಗೆ ಮಾತಾಡಿದರು. ಎಣ್ಣೆಯ ಬಾಟ್ಲಿ ನಾಗಂದಿಗೆಯಲ್ಲಿ ಹಾಗೇ ಉಳಿದಿದೆ, ಎಂತ ಮಾಡುವುದು ಅಂದರು. ಯಾವ ಎಣ್ಣೆ ಅಂತ ಕೇಳಿದೆ. ಅವರಿಗೆ ತಿಕ್ಕುವ ನೋವಿನ ಎಣ್ಣೆ. ಮದುವೆ ಸೀಸನ್ ಬಂದರೆ ಎಡಗೈ ಎತ್ತಲಿಕ್ಕೆ ಆಗ್ತಿರ್ಲಿಲ್ಲವಂತೆ. ಅಂಗಿ ಮೊಳೆಗೆ ಹಾಕುವುದೂ ಅತ್ತಿಗೆಯೇ ಅಂತೆ. ದಿನಾ ತಿಕ್ಕುವಾಗ, ಇದು ಪರ್ಸಿನ್ ಬೋಟಿನಲ್ಲಿ ಬಲೆ ಎಳೆದ ಕೈ, ಹೀಗೇ ಇರ್ತದೆ, ಮೀನು ತಿಂದವರು ನೀವು, ನೋವು ನನಗೆ ಅಂತ ತಮಾಷೆ ಮಾಡ್ತಿದ್ದನಂತೆ. ಅತ್ತಿಗೆ ಅದನ್ನು ನಂಬಿದರು. ಅತ್ತಿಗೆಯ ಅಪ್ಪನಿಗೂ ಅದೇ ನೋವು, ನಮ್ಮ ಅಪ್ಪನಿಗೂ ಅದೇ. ನಮ್ಮಲ್ಲಿ ಗಂಡಸಿನ ಭುಜ ನೋವಾದರೆ ಬಲೆಯ ನೋವು ಅಂತಲೇ. ಬೇರೆ ನೋವು ಉಂಟು ಅಂತ ಯಾರು ಯೋಚಿಸ್ತಾರೆ.

ಹರ್ಷಿತಾ ಕಾಲಿನ ಉಗುರು ನೋಡ್ತಾ ಇದ್ದಳು. ಒಂದು ಇಸಿಜಿ ಮಾಡಿಸುವ ಬನ್ನಿ ಅಂತ ಅವಳು ಕರೆದಿದ್ದಳಂತೆ. ಸೀಸನ್ ಮುಗೀಲಿ ಅಂದನಂತೆ.

ಒಂದು ಕೈಯಲ್ಲಿ ತಿರುಗಿಸ್ತಿದ್ದ, ಒಂದು ಕೈಯಲ್ಲಿ ತಿರುಗಿಸ್ತಿದ್ದ. ಎಲ್ಲರೂ ನೋಡಿದ್ದು ಸ್ಟೇರಿಂಗಿನ ಮೇಲಿದ್ದ ಕೈ, ತೊಡೆಯ ಮೇಲೆ ಬಿದ್ದ ಎಡಗೈ ಅಲ್ಲ. ನಾನು ಹಿಂದೆ ಟ್ರಾಲಿಯಲ್ಲಿ ಕೂತವ, ಅವನ ಬೆನ್ನು ನೋಡಿಕೊಂಡೇ ಇದ್ದವ, ನಾನೂ.

ಆಮೇಲೆ ಅತ್ತಿಗೆ ಕೇಳಿದರು.

"ಟ್ರ್ಯಾಕ್ಟರಿನ ಸ್ಟೇರಿಂಗ್ ಗಟ್ಟಿ ಆಗಿತ್ತಂತೆ, ರಿಪೇರಿ ಆಯ್ತಂತೆ. ಎಂತ ಆಗಿತ್ತು ಅದಕ್ಕೆ?"

ಹರ್ಷಿತಾ ತಲೆ ಎತ್ತಿದಳು.

"ಅದು ನಾನು ಮಾಡಿದ್ದು ಅತ್ತಿಗೆ," ಅಂದೆ. "ಈ ಮಳೆಗಾಲ ಪೈಂಟ್ ಹೊಡೆಯುವಾಗ ಗ್ರೀಸ್ ಹೋಗುವ ಬಾಯಿ ಮುಚ್ಚಿಬಿಟ್ಟೆ. ಗೊತ್ತಾಗ್ಲಿಲ್ಲ."

"ಅವರು ಇರುವಾಗ ಸರಿ ಇತ್ತಾ?"

"ಹೂವಿನ ಹಾಗೆ ಇತ್ತು."

ಅತ್ತಿಗೆ ನನ್ನ ಕಡೆ ತಿರುಗಿದರು. ನಿನ್ನ ಅಣ್ಣ ಇದ್ದಿದ್ದರೆ ಸರಿ ಬೈತಿದ್ದರು ನಿನಗೆ ಅಂದರು. ಅಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಂಡಾಗಿರಬಹುದು ಅಂತ ಎದ್ದು ಬಾಗಿಲು ತೆಗೆದರು.

ನವೆಂಬರ್ 2

ಹೇಳಿದ್ದು ಹೇಳಿಯಾಯಿತು. ಸುಳ್ಳು ಅಂತ ಅಲ್ಲ. ಸುಳ್ಳು ಅಂತ ಯಾರಿಗೆ ಗೊತ್ತುಂಟು? ಮೂರು ಬಣ್ಣ ಕಂಡದ್ದು ಬಲಬದಿಯಲ್ಲಿ. ಕಚ್ಚಿಕೊಂಡದ್ದು ಎಡದ್ದು. ಎಡದ್ದನ್ನು ಕೆರೆದು ನೋಡ್ಲೇ ಇಲ್ಲ, ಬೆಂಕಿ ಹಿಡಿದದ್ದು. ಅಣ್ಣ ಪ್ರತಿ ಸಲ ಎಡದ ಬಾಯಿಯನ್ನು ಬಿಟ್ಟು ಹೊಡೆದಿರಬಹುದು. ಗ್ರೀಸ್ ಹಾಕ್ತಿದ್ದಿರಬಹುದು. ನಾನು ಹೆದರಿಕೆಯವ, ಹೆದರಿ ಹೆದರಿ ದಪ್ಪಕ್ಕೆ ಬಳಿದವ, ಈ ಒಂದೇ ಸಲಕ್ಕೆ ಮುಚ್ಚಿರಬಹುದು. ಹಾಗೆ ಆಗಲಿಕ್ಕಿಲ್ಲ ಅಂತ ಇಲ್ಲವಲ್ಲ.

ನಿನ್ನೆ ಕನಸು ಬೀಳ್ಲಿಲ್ಲ. ಬೀಳ್ತದೆ ಅಂತ ಬೇಗ ಮಲಗಿದ್ದೆ.

ಮಧ್ಯಾಹ್ನ ಇರ್ವಿನ್‌ಗೆ ಫೋನ್ ಮಾಡಿದೆ. ಕೇಳ್ಬೇಕಾದ್ದು ಬಿಟ್ಟು, ಗ್ರೀಸ್ ಯಾವ ಕಂಪನಿದು ಅಂತ ಕೇಳಿ ಇಟ್ಟುಬಿಟ್ಟೆ. ವಾಟ್ಸಾಪಿನಲ್ಲಿ ಕಳಿಸುವ. ತಪ್ಪಾಗಬಾರದು ಅಂತ ಮೊದಲು ಇಲ್ಲಿ ಬರೀತೇನೆ, ಆಮೇಲೆ ನೋಡಿ ಹೊಡೆಯುವುದು.

ಇರ್ವಿನ್, ನಾನು ಸುರತ್ಕಲ್ ಲಾನಿನ ಶೈಲೇಶ್. ಹಳೇ ಎಡದ ನಿಪ್ಪಲ್ ನಿನ್ನ ಡಬ್ಬಿಯಲ್ಲೇ ಉಂಟಲ್ಲ, ಬಿಸಾಡಬೇಡ. ಮೇಲಿನದ್ದು ಸುಟ್ಟು ಹೋಗಿದೆ, ಅದು ಬೇಡ. ಅದರ ಬಾಯಿಯ ಒಳಗೆ, ಗ್ರೀಸ್ ಹೋಗುವ ತೂತಿನಲ್ಲಿ ಕಟ್ಟಿದ ಪೈಂಟ್ ಉಂಟಲ್ಲ, ಅದನ್ನು ಸೂಜಿಯಲ್ಲಿ ತೆಗೆದು ಬೆಳಕಿಗೆ ಹಿಡಿದು ನೋಡು. ಹಸಿರು ಕಂಡಿತು ಅಂತ ಬೇಗ ಹೇಳಿಬಿಡಬೇಡ, ಮಸಿ ಹಸಿರಿನ ಹಾಗೆ ಕಾಣ್ತದೆ. ಕೆಂಪು ಮಾತ್ರ ಇರ್ಬೇಕು. ದಯವಿಟ್ಟು ಇನ್ನೊಂದು ಸಲ ಸರಿಯಾಗಿ ನೋಡಿ ಹೇಳು.